ಬಿಸಿಲು, ಬರ, ಜಡಿಮಳೆ: ಕೊಟ್ಟಿಗೆಯ ಲೆಕ್ಕ

(ತುಮಕೂರಿನಲ್ಲಿ ಪಶುಪಾಲಕರು ಮತ್ತು ಕೃಷಿ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ)

ವೇದಿಕೆಯ ಮೇಲಿರುವ ಹಿರಿಯರೇ, ದನ ಕುರಿಗಳನ್ನು ನಂಬಿ ಬದುಕು ಕಟ್ಟಿಕೊಂಡಿರುವ ಬಂಧುಗಳೇ,

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಈ ಮೂರು ಜಿಲ್ಲೆಗಳಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಜಯಮಂಗಲಿ, ಶಿಂಷಾ, ಉತ್ತರ ಪಿನಾಕಿನಿ, ಪಾಲಾರ್ ಎಂಬ ಹೆಸರುಗಳು ನಕಾಶೆಯಲ್ಲಿ ಚೆನ್ನಾಗಿಯೇ ಕಾಣುತ್ತವೆ. ಮಳೆ ಬಂದ ವರ್ಷ ಅವು ಹರಿಯುತ್ತವೆ, ಮಳೆ ಹೋದ ವರ್ಷ ಅವುಗಳ ಪಾತ್ರದಲ್ಲಿ ಮರಳು ತುಂಬುವ ಗಾಡಿಗಳು ಓಡಾಡುತ್ತವೆ. ಇಂಥ ಸೀಮೆಯಲ್ಲಿ ಬೆಳೆ ಕೈಕೊಟ್ಟಾಗ ಮನೆ ನಡೆಸಿರುವುದು ಹಸು, ಎಮ್ಮೆ, ಕುರಿ, ಮೇಕೆ. ಆದರೆ ಬೆಳೆಯನ್ನು ಒಣಗಿಸಿದ ಹವಾಮಾನವೇ ದನವನ್ನೂ ಬಡಿಯುತ್ತದೆ. ಪಶುವೈದ್ಯನಾಗಿ ಪಾವಗಡ, ಶಿರಾ ಕಡೆಯಲ್ಲಿಯೂ ಆಮೇಲೆ ಕೋಲಾರದ ಕಡೆಯಲ್ಲಿಯೂ ಕೆಲಸ ಮಾಡಿದ ನನಗೆ ಮನವರಿಕೆಯಾಗಿರುವ ಸಂಗತಿ ಒಂದೇ. ದನಕ್ಕೆ ಹವಾಮಾನದ ಪೆಟ್ಟು ಬೀಳುವ ಕಾಲ ಒಂದು, ಆ ಪೆಟ್ಟು ಕಣ್ಣಿಗೆ ಕಾಣುವ ಕಾಲ ಇನ್ನೊಂದು. ಈ ಎರಡು ಕಾಲಗಳ ನಡುವಿನ ತಿಂಗಳುಗಳಲ್ಲಿ ಏನು ಮಾಡಿದೆವು ಎಂಬುದರ ಮೇಲೆ ಕೊಟ್ಟಿಗೆಯ ಲಾಭ ನಷ್ಟ ನಿಂತಿದೆ.

2021ರ ನವೆಂಬರನ್ನು ನೆನಪಿಸಿಕೊಳ್ಳಿ. ರಾಗಿ ಕಟಾವಿನ ಹೊತ್ತಿಗೆ ಸರಿಯಾಗಿ ಮಳೆ ಹಿಡಿದುಕೊಂಡಿತು. ಕೊಯ್ದು ಹೊಲದಲ್ಲಿ ಹಾಕಿದ್ದ ರಾಗಿ ನೀರಿನಲ್ಲಿ ನೆನೆಯಿತು, ಕೊಯ್ಯದೆ ನಿಂತಿದ್ದ ರಾಗಿ ಮಲಗಿ ತೆನೆಯಲ್ಲೇ ಮೊಳಕೆ ಬಂತು. ಬೆಳೆಹಾನಿಯ ಮಾತು ಬಂದಾಗಲೆಲ್ಲ ಎಲ್ಲರೂ ಕಾಳಿನ ಲೆಕ್ಕ ಹೇಳಿದರು. ಎಕರೆಗೆ ಎಷ್ಟು ಕ್ವಿಂಟಾಲ್ ಹೋಯಿತು, ಪರಿಹಾರ ಎಷ್ಟು ಬಂತು ಎಂಬುದೇ ಚರ್ಚೆ. ಕಪ್ಪಾಗಿ ಬೂಷ್ಟು ಹಿಡಿದ ಹುಲ್ಲಿನ ಬಗ್ಗೆ ಮಾತಾಡಿದವರು ಕಡಿಮೆ. ಅದರ ಬಿಸಿ ತಟ್ಟಿದ್ದು ನವೆಂಬರಿನಲ್ಲಲ್ಲ, ಮುಂದಿನ ಬೇಸಿಗೆಯಲ್ಲಿ. ಕೆರೆ ತುಂಬಿದೆ, ಅಂತರ್ಜಲ ಮೇಲೆ ಬಂದಿದೆ ಎಂದು ಊರೆಲ್ಲ ಸಂತೋಷಪಡುತ್ತಿದ್ದಾಗ ಕೊಟ್ಟಿಗೆಯಲ್ಲಿ ಹಾಕಲು ಒಣಹುಲ್ಲು ಇರಲಿಲ್ಲ. ಬೂಷ್ಟು ಹಿಡಿದ ಹುಲ್ಲನ್ನೇ ಬಿಸಿಲಿಗೆ ಹರಡಿ, ಕೊಡವಿ ಹಾಕಿದವರ ಮನೆಗಳಲ್ಲಿ ಭೇದಿ, ಮೇವು ಬಿಡುವುದು, ಗಬ್ಬದ ಹಸು ಕಂದು ಹಾಕುವುದು, ಈ ತೊಂದರೆಗಳನ್ನೆಲ್ಲ ಕಂಡೆ. ಅತಿಮಳೆಯ ವರ್ಷವೂ ಮೇವಿನ ಬರ ಬರುತ್ತದೆ ಎಂಬುದನ್ನು ನಮ್ಮ ಯೋಜನೆಗಳು ಇನ್ನೂ ಸರಿಯಾಗಿ ಅರಗಿಸಿಕೊಂಡಿಲ್ಲ.

ರಾಗಿ ಹುಲ್ಲಿಗೆ ಇಷ್ಟು ಮಹತ್ವ ಏಕೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಬೆಳೆದ ಹಸುವೊಂದಕ್ಕೆ ದಿನಕ್ಕೆ ಆರೇಳು ಕಿಲೋ ಒಣಮೇವು ಬೇಕು. ಭತ್ತದ ಹುಲ್ಲಿಗಿಂತ ರಾಗಿ ಹುಲ್ಲು ಮೇಲು. ಅದರಲ್ಲಿ ಸುಣ್ಣದ ಅಂಶ (ಕ್ಯಾಲ್ಸಿಯಂ) ಹೆಚ್ಚು, ದನ ಇಷ್ಟಪಟ್ಟು ತಿನ್ನುತ್ತದೆ. ಚೆನ್ನಾಗಿ ಒಟ್ಟಿದ ಬಣವೆ ಎರಡು ವರ್ಷ ಕೆಡದೆ ನಿಲ್ಲುತ್ತದೆ. ಒಟ್ಟುವುದರಲ್ಲೇ ಕಸುಬುಗಾರಿಕೆ ಇರುವುದು. ನೆಲದಿಂದ ತೇವ ಏರದಂತೆ ಅಡಿಗೆ ಕಲ್ಲು ಹಾಸಿ, ಅದರ ಮೇಲೆ ಜಾಲಿ ಕೊಂಬೆ ಹರಡಿ, ಕಂತೆಗಳ ಬುಡ ಹೊರಕ್ಕೆ ತುದಿ ಒಳಕ್ಕೆ ಬರುವಂತೆ ಸುತ್ತ ಜೋಡಿಸಬೇಕು. ನಡುಭಾಗ ಸದಾ ಅಂಚಿಗಿಂತ ಎತ್ತರ ಇರಬೇಕು. ಆಗ ಮಾತ್ರ ಪ್ರತಿ ಕಂತೆಯೂ ಹೊರಕ್ಕೆ ಇಳಿಜಾರಾಗಿ, ಬಿದ್ದ ನೀರು ಒಳಗೆ ಇಳಿಯದೆ ಹೊರಗೆ ಜಾರುತ್ತದೆ. ಮೇಲಿನವನು ತುಳಿಯುತ್ತಾ ಸುತ್ತುತ್ತಾನೆ, ಕೆಳಗಿನವನು ಎಸೆಯುತ್ತಾನೆ. ನಡು ಸ್ವಲ್ಪ ತಗ್ಗಿದರೂ ಕೆಳಗಿನವನು ದೂರದಿಂದ ನೋಡಿ ಬಯ್ಯುತ್ತಾನೆ. ಈಗ ಯಂತ್ರದಲ್ಲಿ ಕೊಯ್ಲು ಮಾಡಿಸಿ ಸುರುಳಿ ಕಟ್ಟಿಸುವವರು ಹೆಚ್ಚಾಗಿದ್ದಾರೆ. ಕೂಲಿಯಾಳು ಸಿಗದ ಕಾಲದಲ್ಲಿ ಅದನ್ನು ತಪ್ಪೆನ್ನಲಾರೆ. ಆದರೆ ಆ ಸುರುಳಿಗಳನ್ನು ಬಯಲಲ್ಲಿ ಬರಿ ನೆಲದ ಮೇಲೆ ಉರುಳಿಸಿಟ್ಟರೆ ಅಡಿಯ ಸಾಲು ಗೊಬ್ಬರವಾಗುವುದನ್ನು ಯಾವ ಯಂತ್ರವೂ ತಪ್ಪಿಸುವುದಿಲ್ಲ.

ಇನ್ನು ಬರದ ವಿಷಯ. ಈ ಸೀಮೆಗೆ ಬರ ಹೊಸದಲ್ಲ. 1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ ಮೈಸೂರು ಸಂಸ್ಥಾನ ತನ್ನ ಜನಸಂಖ್ಯೆಯ ಸುಮಾರು ಐದನೆಯ ಒಂದು ಭಾಗವನ್ನು ಕಳೆದುಕೊಂಡಿತು. ಜನರಿಗಿಂತ ಮೊದಲು ಸತ್ತದ್ದು ದನ. ನಮ್ಮ ಕಾಲದ ಬರ ಹಾಗಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸರ್ಕಾರ ಘೋಷಿಸಿತು, ನಮ್ಮ ಭಾಗದ ತಾಲ್ಲೂಕುಗಳೂ ಅದರಲ್ಲಿದ್ದವು. ಮೇವು ಬ್ಯಾಂಕು, ಗೋಶಾಲೆ, ಟ್ಯಾಂಕರ್ ನೀರು, ಇವೆಲ್ಲ ಇಂದು ಇರುವುದರಿಂದ ದನ ಹಸಿವಿನಿಂದಲೇ ಸಾಯುವುದು ಅಪರೂಪ. ಆದರೆ ಅವು ಬಡಕಲಾಗುತ್ತವೆ. ಬಡಕಲಾದ ಹಸು ಒಂದು ಬೆಳಿಗ್ಗೆ ಮಲಗಿದ್ದಲ್ಲಿಂದ ಏಳುವುದಿಲ್ಲ. ಅದನ್ನು ಎತ್ತಬೇಕು. ಹೊಟ್ಟೆಯಡಿಗೆ ಎರಡು ಕಡೆ ಗೋಣಿಚೀಲ ತೂರಿಸಿ, ಅದಕ್ಕೆ ಗಳ ಸಿಕ್ಕಿಸಿ, ನಾಲ್ಕು ಜನ ಹೆಗಲು ಕೊಟ್ಟು, ಒಬ್ಬರು ಬಾಲದ ಬುಡ ಹಿಡಿದು ಮೆಲ್ಲಗೆ ನಿಲ್ಲಿಸಬೇಕು. ನಿಂತ ಮೇಲೆ ಕಾಲುಗಳಿಗೆ ರಕ್ತ ಓಡುವವರೆಗೆ ಬಿಡದೆ ಹಿಡಿದುಕೊಳ್ಳಬೇಕು, ತೊಡೆಗಳನ್ನು ಉಜ್ಜಬೇಕು, ಮಲಗಿಸುವಾಗ ಬೇರೆ ಮಗ್ಗುಲಿಗೆ ಮಲಗಿಸಬೇಕು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಇದೇ ಕೆಲಸ. ಅಕ್ಕಪಕ್ಕದ ಮನೆಯವರು ಕರೆಯದೆಯೇ ಬಂದು ಹೆಗಲು ಕೊಡುವ ಊರುಗಳನ್ನು ಕಂಡಿದ್ದೇನೆ. ನಾಲ್ಕು ಗಂಡಾಳು ಸಿಗದೆ ಮನೆಯ ಹೆಂಗಸರಿಬ್ಬರೇ ಒದ್ದಾಡಿದ್ದನ್ನೂ ಕಂಡಿದ್ದೇನೆ. ನಾವು ರಕ್ತನಾಳಕ್ಕೆ ಹಾಕುವ ಕ್ಯಾಲ್ಸಿಯಂ ಬಾಟಲಿಗಿಂತ ಹಲವು ಸಲ ಈ ಹೆಗಲುಗಳೇ ಹಸುವನ್ನು ಉಳಿಸಿವೆ.

ಹಾಗೆ ಉಳಿದ ಹಸುವಿನ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಮಳೆ ಬಂತು, ಹಸಿರಾಯಿತು, ಮೈ ತುಂಬಿಕೊಂಡಿತು, ಆದರೆ ಬೆದೆಗೆ ಬರಲಿಲ್ಲ. ಹಸಿದ ಮೈ ಮೊದಲು ಕೈಬಿಡುವುದು ಸಂತಾನದ ಕೆಲಸವನ್ನು. ಮತ್ತೆ ಹಿಡಿಯುವುದು ಎಲ್ಲಕ್ಕಿಂತ ಕೊನೆಗೆ. ಬೆದೆಗೆ ಬರುವುದು ನಾಲ್ಕೈದು ತಿಂಗಳು ತಡವಾಗಿ, ಆಮೇಲೆ ಒಂಬತ್ತು ತಿಂಗಳ ಗಬ್ಬ ಕಳೆದು ಹಾಲು ಕಾಣುವ ಹೊತ್ತಿಗೆ ಬರದ ಸುದ್ದಿ ಪತ್ರಿಕೆಗಳಲ್ಲಿ ಮರೆತೇ ಹೋಗಿರುತ್ತದೆ. ಬರದ ವರ್ಷ ದಿನಕ್ಕೆ ಒಂದೆರಡು ಕಿಲೋ ಹಿಂಡಿ, ಚಿಟಿಕೆ ಖನಿಜ ಮಿಶ್ರಣ ಉಳಿಸಿದೆವು ಎಂದುಕೊಂಡವರು ಮುಂದಿನ ವರ್ಷ ಒಂದು ಕರುವನ್ನೂ ಒಂದು ಸೂಲಿನ ಹಾಲನ್ನೂ ಕಳೆದುಕೊಂಡಿರುತ್ತಾರೆ. ಇದು ಯಾವ ಪರಿಹಾರದ ಪಟ್ಟಿಯಲ್ಲೂ ಬರುವ ನಷ್ಟವಲ್ಲ. ಒಣಹುಲ್ಲೇ ಗತಿ ಎನ್ನುವ ಕಾಲಕ್ಕೆ ಯೂರಿಯಾ ಉಪಚಾರ ಎಂಬ ಹಳೆಯ, ಅಗ್ಗದ ಉಪಾಯವಿದೆ. ನೂರು ಕಿಲೋ ಹುಲ್ಲಿಗೆ ನಾಲ್ಕು ಕಿಲೋ ಯೂರಿಯಾವನ್ನು ಐವತ್ತರಿಂದ ಅರವತ್ತು ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಪದರ ಪದರವಾಗಿ ಚಿಮುಕಿಸಿ, ತುಳಿದು, ಪ್ಲಾಸ್ಟಿಕ್ ಹೊದಿಸಿ ಮೂರು ವಾರ ಮುಚ್ಚಿಡಬೇಕು. ಹೊರತೆಗೆದ ಮೇಲೆ ವಾಸನೆ ಹೋಗುವವರೆಗೆ ಗಾಳಿಗೆ ಹರಡಿ ಕೊಡಬೇಕು. ಆರು ತಿಂಗಳೊಳಗಿನ ಕರುಗಳಿಗೆ ಇದು ಬೇಡ. ಯೂರಿಯಾ ನೀರನ್ನು ಬಕೆಟ್ಟಿನಲ್ಲಿ ಮರೆತು ಹೋದರೆ ಬಾಯಾರಿದ ಹಸು ಕುಡಿದು ಸಾಯುತ್ತದೆ, ಅದರ ಬಗ್ಗೆ ಎಚ್ಚರ. ನೀರಿನ ಮೇಲೆ ಬೆಳೆಯುವ ಮೇವಿನ ಸಸ್ಯ ಅಜೋಲಾ, ಅದರ ತೊಟ್ಟಿಯ ಬಗ್ಗೆಯೂ ಕೇಳುತ್ತೀರಿ. ಕುಡಿಯುವ ನೀರಿಗೆ ಟ್ಯಾಂಕರ್ ಕಾಯುವ ಊರಿನಲ್ಲಿ ತೊಟ್ಟಿ ತುಂಬಿಸಿ ಅಜೋಲಾ ಬೆಳೆಸಿ ಎಂದು ಹೇಳಲು ನನಗೆ ಬಾಯಿ ಬಂದಿಲ್ಲ.

ಹಿಂದಿನವರು ಈ ಲೆಕ್ಕವನ್ನು ನೆಲದ ಮೇಲೆಯೇ ಬರೆದಿದ್ದರು. ಅಮೃತಮಹಲ್ ತಳಿಯ ದನಗಳಿಗೆ ಮೀಸಲಿಟ್ಟ ಹುಲ್ಲುಗಾವಲುಗಳಾದ ಕಾವಲುಗಳನ್ನು ಬೇಸಿಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ವಿಂಗಡಿಸಿ, ಕಾಲಕ್ಕೆ ತಕ್ಕಂತೆ ಹಿಂಡುಗಳನ್ನು ಒಂದರಿಂದ ಇನ್ನೊಂದಕ್ಕೆ ಹೊಡೆದೊಯ್ಯುತ್ತಿದ್ದರು. ಒಂದು ಕಾವಲಿನಲ್ಲಿ ದನ ಮೇಯುವಾಗ ಇನ್ನೊಂದರ ಹುಲ್ಲು ಚಿಗುರಿ ಬಲಿಯುತ್ತಿತ್ತು. ತಿಪಟೂರು ತಾಲ್ಲೂಕಿನ ಕೊನೇಹಳ್ಳಿಯಲ್ಲಿ ಆ ತಳಿಯ ಸಂವರ್ಧನಾ ಕೇಂದ್ರ ಇಂದಿಗೂ ಇದೆ, ಆಸಕ್ತರು ಹೋಗಿ ನೋಡಬಹುದು. ಆದರೆ ಕಾವಲು, ಗೋಮಾಳ ಎಂಬ ಏರ್ಪಾಡು ಊರೂರಿನಲ್ಲಿ ಕರಗಿಹೋಗಿದೆ. ಪಾವಗಡದ ತಿರುಮಣಿ ಸುತ್ತಮುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸೌರ ವಿದ್ಯುತ್ ಸ್ಥಾವರ ಬಂದಿದೆ. ಮಳೆ ಇಲ್ಲದ ಜಮೀನಿಗೆ ವರ್ಷ ವರ್ಷ ಗುತ್ತಿಗೆ ಹಣ ಬರುವುದು ಜಮೀನಿನ ಒಡೆಯರಿಗೆ ದೊಡ್ಡ ಆಸರೆ, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಜಮೀನಿಲ್ಲದೆ ಕುರಿ ಮಾತ್ರ ಇದ್ದವನ ಪಾಡು ಬೇರೆ. ಬೆಳೆ ಇಲ್ಲದ ಬೀಳಿನಲ್ಲಿ, ಕಡಲೆಕಾಯಿ ಕಿತ್ತ ಹೊಲದಲ್ಲಿ ಅವನ ಹಿಂಡು ಮೇಯುತ್ತಿತ್ತು. ಆ ನೆಲಕ್ಕೆ ಈಗ ಬೇಲಿ ಬಿದ್ದಿದೆ.

ಬಿಸಿಲಿನ ಸಮಸ್ಯೆ ಕೋಲಾರ, ಚಿಕ್ಕಬಳ್ಳಾಪುರದ ಕಡೆ ಇನ್ನೊಂದು ರೂಪದಲ್ಲಿದೆ. ಅಲ್ಲಿ ಮಿಶ್ರತಳಿ ಹಸುಗಳೇ ಹೆಚ್ಚು. ನಮ್ಮ ಹಳ್ಳಿಕಾರ್ ದನದ ತೆಳು ಚರ್ಮ, ಸಣ್ಣ ಕೂದಲು, ಹೆಚ್ಚು ಬೆವರುವ ಗುಣ ಎಚ್‌ಎಫ್ ಎಂಬ ವಿದೇಶಿ ತಳಿಯ ರಕ್ತದ ಹಸುವಿಗಿಲ್ಲ, ಅದು ಕೊಡುವ ಹಾಲು ಹಳ್ಳಿಕಾರಿಗಿಲ್ಲ. ಮೇವು ಅರಗುವಾಗ ಹಸುವಿನ ಹೊಟ್ಟೆಯೊಳಗೇ ಶಾಖ ಹುಟ್ಟುತ್ತದೆ. ಒರಟು ಒಣಮೇವಾದಷ್ಟೂ ಅದು ಹೆಚ್ಚು, ಮೇವು ಹಾಕಿದ ಕೆಲವು ಗಂಟೆಗಳ ಮೇಲೆ ಏರುತ್ತದೆ. ಬೆಳಿಗ್ಗೆ ಎಂಟಕ್ಕೆ ಹುಲ್ಲು ಹಾಕಿದರೆ ಒಳಗಿನ ಶಾಖವೂ ಹೊರಗಿನ ಬಿಸಿಲೂ ಮಧ್ಯಾಹ್ನ ಒಟ್ಟಿಗೆ ಸೇರುತ್ತವೆ. ಆದ್ದರಿಂದ ಏಪ್ರಿಲ್, ಮೇ ತಿಂಗಳಲ್ಲಿ ಒಣಹುಲ್ಲನ್ನು ಸಂಜೆ ಹೊತ್ತು ಮುಳುಗಿದ ಮೇಲೆ ಹಾಕಿ, ಹಿಂಡಿ ಬೂಸಾ ಬೆಳಗಿನ ಜಾವ ಕೊಡಿ, ಹಗಲು ಹಸಿಮೇವನ್ನಷ್ಟೇ ಇಡಿ. ಹಸುವಿಗೆ ಬಿಸಿಲು ತಾಗಿದೆಯೇ ಎಂದು ತಿಳಿಯಲು ಯಾವ ಉಪಕರಣವೂ ಬೇಡ. ಪಕ್ಕದಲ್ಲಿ ನಿಂತು ಅಳ್ಳೆ (ಪಕ್ಕೆಲುಬಿನ ಹಿಂದಿನ ಮೆತ್ತನೆಯ ಭಾಗ) ನೋಡಿ, ಒಂದು ನಿಮಿಷಕ್ಕೆ ಅದು ಎಷ್ಟು ಸಲ ಏರಿಳಿಯುತ್ತದೆ ಎಣಿಸಿ. ಅರವತ್ತು ದಾಟಿದರೆ ಹಸು ಕಷ್ಟದಲ್ಲಿದೆ. ಎಂಬತ್ತು ದಾಟಿ, ಬಾಯಿ ತೆರೆದು, ಜೊಲ್ಲು ಸುರಿಸುತ್ತಿದ್ದರೆ ತಲೆಗೂ ಮೈಗೂ ನೀರು ಸುರಿದು ಗಾಳಿ ಬೀಸುವಂತೆ ಮಾಡಿ, ಆಮೇಲೆ ಡಾಕ್ಟರಿಗೆ ಫೋನ್ ಮಾಡಿ. ತಗಡಿನ ಶೀಟಿನ ಮೇಲೆ ತೆಂಗಿನ ಗರಿ ಹೊದಿಸುವುದು, ಕಿಟಕಿಗೆ ನೆನೆದ ಗೋಣಿತಾಟು ಕಟ್ಟುವುದು, ದೊಡ್ಡ ಫ್ಯಾನಿಗಿಂತ ಮೊದಲು ಇಷ್ಟು ಆಗಲಿ. ಶೀಟನ್ನು ತಲೆಗೆ ತಾಗುವಷ್ಟು ತಗ್ಗಾಗಿ ಹೊದಿಸಿ, ಒಳಗೆ ಫ್ಯಾನ್ ಹಾಕಿ, ಬಿಸಿ ಗಾಳಿಯನ್ನೇ ಸುತ್ತಿಸುವ ಕೊಟ್ಟಿಗೆಗಳಿಗೆ ಲೆಕ್ಕವಿಲ್ಲ.

ಈ ಬಿಸಿಲಿನ ಪೆಟ್ಟು ಮೊದಲು ಕಾಣುವುದು ಡೇರಿಯಲ್ಲಿ. ಹಾಲು ಇಳಿಯುತ್ತದೆ, ಅದರ ಜೊತೆಗೆ ಫ್ಯಾಟೂ ಎಸ್‌ಎನ್‌ಎಫೂ (ಕೊಬ್ಬು ಬಿಟ್ಟು ಉಳಿದ ಘನಾಂಶ) ಇಳಿಯುತ್ತವೆ. ಹಾಲಿನ ಗಟ್ಟಿತನ ಅಳೆಯುವ ಮಾಪಕದಲ್ಲಿ ಡಿಗ್ರಿ ಬರಲಿಲ್ಲ ಎಂದು ಹಾಲು ವಾಪಸು ಬಂದ ಮನೆಯವರು ನೀರು ಬೆರೆಸಿದ ಅನುಮಾನವನ್ನೂ ಹೊರಬೇಕಾಗುತ್ತದೆ. ಎರಡನೆಯ ಪೆಟ್ಟು ತಿಂಗಳುಗಳ ಮೇಲೆ ಕಾಣುತ್ತದೆ: ಬೇಸಿಗೆಯಲ್ಲಿ ಗಬ್ಬಕ್ಕೆಂದು ಕೊಡಿಸಿದ ಇಂಜೆಕ್ಷನ್ (ಕೃತಕ ಗರ್ಭಧಾರಣೆ) ನಿಲ್ಲುವುದು ಕಡಿಮೆ. ಮೈ ಕಾದ ಹಸುವಿನಲ್ಲಿ ಗಬ್ಬ ಕಟ್ಟುವುದಿಲ್ಲ ಎಂಬುದನ್ನು ಅರಿಯದೆ ಇಂಜೆಕ್ಷನ್ ಕೊಟ್ಟವರನ್ನು ಬಯ್ಯುವುದು ವಾಡಿಕೆ.

ಈಗ ಮಳೆಗೆ ಬರುತ್ತೇನೆ, ಏಕೆಂದರೆ ನನ್ನ ಅನುಭವದಲ್ಲಿ ಬರಕ್ಕಿಂತ ಹೆಚ್ಚು ದನ ಕುರಿಗಳನ್ನು ಜನ ಕಳೆದುಕೊಳ್ಳುವುದನ್ನು ನಾನು ಕಂಡಿರುವುದು ಬರ ಹಿಂಜರಿದ ಮೊದಲ ಹಸಿರಿನಲ್ಲಿ. ತಿಂಗಳುಗಟ್ಟಲೆ ಒಣಕಡ್ಡಿ ತಿಂದ ಕುರಿ ಹೊಸ ಚಿಗುರಿಗೆ ಬಿದ್ದು ಮೇಯುತ್ತದೆ. ಅದರ ಕರುಳಿನಲ್ಲಿ ಮೊದಲೇ ಇರುವ ರೋಗಾಣು ಆ ರಸಭರಿತ ಮೇವಿನಲ್ಲಿ ಒಮ್ಮೆಲೇ ಹೆಚ್ಚಿ ವಿಷ ಕಾರುತ್ತದೆ. ಇದೇ ಕರುಳುಬೇನೆ. ರಾತ್ರಿ ರೊಪ್ಪಕ್ಕೆ ಬಂದ ಕುರಿ ಬೆಳಿಗ್ಗೆ ಸತ್ತು ಬಿದ್ದಿರುತ್ತದೆ, ಅದೂ ಹಿಂಡಿನಲ್ಲಿ ಚೆನ್ನಾಗಿ ಮೇದು ಕೊಬ್ಬಿದ ಕುರಿಯೇ. ದನಗಳಿಗೆ ಗಳಲೆ ರೋಗ (ಗಂಟಲು ಊದುವ ಬೇನೆ), ಚಪ್ಪೆ ರೋಗ (ತೊಡೆಯ ಮಾಂಸ ಊದುವ ಬೇನೆ) ಬರುವುದೂ ಈ ಸಂಧಿಕಾಲದಲ್ಲಿಯೇ. ಮುಂಗಾರಿಗೆ ಮೊದಲೇ, ಮೇ ತಿಂಗಳಲ್ಲೇ ಲಸಿಕೆ ಹಾಕಿಸಿ ಎಂದು ನಾವು ಹೇಳುವುದು ಇದಕ್ಕಾಗಿ. ಹೊಲದಲ್ಲಿ ಹುಲ್ಲು ಕಾಣುವ ಹೊತ್ತಿಗೆ ಲಸಿಕೆಯ ಬಲ ಮೈಯಲ್ಲಿ ಬಂದಿರಬೇಕು. ಜೋಳದ ಎಳೆ ಪೈರಿನದು ಇನ್ನೂ ಕ್ರೂರವಾದ ಸಂಗತಿ. ಮಳೆ ಕೈಕೊಟ್ಟು ಬಾಡಿದ ಮೊಣಕಾಲುದ್ದದ ಜೋಳದಲ್ಲಿ, ಕೊಯ್ದ ಮೇಲೆ ಮರುಚಿಗುರಿದ ಕೂಳೆಯಲ್ಲಿ ಸಯನೈಡ್ ವಿಷ ಹೆಚ್ಚಾಗಿರುತ್ತದೆ. ಹೇಗೂ ಒಣಗುತ್ತಿದೆ, ದನವಾದರೂ ತಿನ್ನಲಿ ಎಂದು ಬಿಟ್ಟ ರೈತನ ಕಣ್ಣೆದುರೇ ಹಸು ತೂರಾಡಿ, ಏದುಸಿರು ಬಿಟ್ಟು ಬೀಳುತ್ತದೆ. ಬೇಗ ತಲುಪಿದರೆ ರಕ್ತನಾಳಕ್ಕೆ ಸೋಡಿಯಂ ಥಯೋಸಲ್ಫೇಟ್ ಕೊಟ್ಟು ಬದುಕಿಸಬಹುದು. ಬಹಳ ಸಲ ತಲುಪುವಷ್ಟು ಹೊತ್ತು ಇರುವುದಿಲ್ಲ. ಜೋಳ ಹೂ ಬಿಡುವವರೆಗೆ ಅದರೊಳಗೆ ದನ ಬಿಡಬೇಡಿ ಎಂಬುದಷ್ಟೇ ಗಟ್ಟಿಯಾದ ಮಾತು.

ಹಿಂಗಾರಿನ ಜಡಿಮಳೆ ಕುರಿಗಾರನ ಪರೀಕ್ಷೆಯ ಕಾಲ. ಬಿಸಿಲನ್ನು ಸಹಿಸುವ ಕುರಿ ಕೆಸರನ್ನು ಸಹಿಸುವುದಿಲ್ಲ. ರೊಪ್ಪದ ನೆಲ ಗೊಜ್ಜೆಯಾದರೆ ಗೊರಸಿನ ಸಂದಿ ಕೊಳೆತು ಕುಂಟುತ್ತದೆ, ಕುಂಟುವ ಕುರಿ ಮೇವಿನಲ್ಲಿ ಹಿಂದೆ ಬೀಳುತ್ತದೆ. ಆ ಕೆಸರು, ಸಗಣಿಯಲ್ಲೇ ಹುಟ್ಟುವ ನುಸಿ ನೀಲಿ ನಾಲಿಗೆ ರೋಗವನ್ನು ಹಿಂಡಿನಿಂದ ಹಿಂಡಿಗೆ ಹರಡುತ್ತದೆ: ಜ್ವರ, ಊದಿದ ತುಟಿ, ಮೂಗಿನಲ್ಲಿ ಗೊಣ್ಣೆ, ಬಾಯಿ ಹುಣ್ಣಾಗಿ ಮೇಯಲಾರದ ಸ್ಥಿತಿ. ಶಿರಾ ಕಡೆಯ ಕಾಡುಗೊಲ್ಲರ ಹಟ್ಟಿಗಳಲ್ಲಿ ಸಂಜೆ ರೊಪ್ಪದ ಗಾಳಿಮುಖಕ್ಕೆ ಬೇವಿನ ಸೊಪ್ಪಿನ ಹೊಗೆ ಹಾಕುವುದನ್ನು ಕಂಡಾಗ, ನುಸಿ ಕಚ್ಚುವ ಹೊತ್ತು ಯಾವುದೆಂದು ಅವರಿಗೆ ನಮ್ಮ ಪುಸ್ತಕಕ್ಕಿಂತ ಮೊದಲೇ ಗೊತ್ತಿತ್ತು ಎನಿಸಿತು. ಹೊಗೆ ಲಸಿಕೆಗೆ ಬದಲಲ್ಲ ಎಂಬುದನ್ನೂ ಅಲ್ಲೇ ಹೇಳಿ ಬಂದೆ. 2022ರಲ್ಲಿ ದನಗಳಿಗೆ ಬಂದ ಚರ್ಮಗಂಟು ರೋಗವೂ ಕಚ್ಚುವ ಕೀಟಗಳಿಂದ ಹರಡಿದ್ದೇ, ಅದೂ ಧಾರಾಳ ಮಳೆಯ ವರ್ಷ. ಸಿಡಿಲಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ: ಗುಡುಗಿದರೆ ಹಿಂಡನ್ನು ಒಂಟಿ ಮರದಡಿ ಸೇರಿಸಬೇಡಿ. ಸತ್ತರೆ ಹೂಳುವ ಮೊದಲು ಪಶುವೈದ್ಯರನ್ನು ಕರೆಸಿ ಮರಣೋತ್ತರ ಪರೀಕ್ಷೆ ಮಾಡಿಸಿ. ಅದು ಇಲ್ಲದೆ ಸತ್ತ ದನ ಕುರಿಗಳಿಗೆ ಸರ್ಕಾರ ಪರಿಹಾರ ಕೊಡುವ ಅನುಗ್ರಹ ಯೋಜನೆಯ ಹಣವಾಗಲಿ, ವಿಮೆಯ ಹಣವಾಗಲಿ ಬರುವುದಿಲ್ಲ. ತುರ್ತಿಗೆ ಪಶು ಚಿಕಿತ್ಸೆಯ ಸಹಾಯವಾಣಿ 1962ಕ್ಕೆ ಕರೆ ಮಾಡಿ.

ಇಷ್ಟೆಲ್ಲ ಕಷ್ಟವಿದ್ದೂ ಏಕೆ ಸಾಕುತ್ತಾರೆ? ಪ್ರೀತಿಯಿಂದ ಎಂದು ಪಟ್ಟಣದವರು ಹೇಳುವುದುಂಟು. ಪ್ರೀತಿ ಇದೆ, ಆದರೆ ಲೆಕ್ಕವೂ ಇದೆ. ಪ್ರತಿಫಲವೂ ಪೆಟ್ಟಿನ ಹಾಗೆಯೇ ತಡವಾಗಿ, ಬೇರೆ ಬಾಗಿಲಿನಿಂದ ಬರುತ್ತದೆ. ಕೋಲಾರದಲ್ಲಿ ಕೊಳವೆ ಬಾವಿ ಸಾವಿರ ಅಡಿ ದಾಟಿಯೂ ಬತ್ತಿದ ವರ್ಷಗಳಲ್ಲಿ ಟೊಮೆಟೊ ಹೋಯಿತು, ರೇಷ್ಮೆ ತಗ್ಗಿತು, ಡೇರಿಯ ಬಟವಾಡೆ ಮಾತ್ರ ನಿಲ್ಲಲಿಲ್ಲ. ಆ ಹಣ ಬಹುಪಾಲು ಹೆಂಗಸರ ಕೈಗೆ ಬರುತ್ತದೆ, ಮಕ್ಕಳ ಫೀಸಿಗೂ ಮನೆಯ ದಿನಸಿಗೂ ಹೋಗುತ್ತದೆ. ಹುಳು ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿಯನ್ನೂ ಅಲ್ಲಿಯವರು ಹಸುವಿಗೆ ಹಾಕಿ ಹಾಲು ಮಾಡುತ್ತಾರೆ. ತಿಪಟೂರು, ತುರುವೇಕೆರೆಯ ತೆಂಗಿನ ತೋಟಗಳಲ್ಲಿ ರಾತ್ರಿ ಕುರಿಮಂದೆ ನಿಲ್ಲಿಸಿದ್ದಕ್ಕೆ ಕುರಿಗಾರನಿಗೆ ಹಣವೋ ರಾಗಿಯೋ ಸಿಗುತ್ತದೆ, ತೋಟದವನಿಗೆ ಆ ಹಿಕ್ಕೆಯ ಫಲ ಮುಂದಿನ ವರ್ಷದ ಕಾಯಲ್ಲಿ. ಬರದಲ್ಲಿ ಹಿಂಡು ಅರ್ಧವಾದರೂ ಕುರಿಯ ಗಬ್ಬ ಐದೇ ತಿಂಗಳಾದ್ದರಿಂದ ಒಂದೆರಡು ಒಳ್ಳೆಯ ಮಳೆಗಾಲದಲ್ಲಿ ಹಿಂಡು ಮತ್ತೆ ತುಂಬುತ್ತದೆ. ಈ ಕಾರಣಕ್ಕೇ ತಿಳಿದವರು ಬರದ ಸೂಚನೆ ಕಂಡ ಕೂಡಲೇ ಹೋತ, ಟಗರು, ಮುದಿ ಕುರಿಗಳನ್ನು ಅಕ್ಕಿರಾಂಪುರದಂಥ ಸಂತೆಗೆ ಹೊಡೆದು, ಬೆಲೆ ಬೀಳುವ ಮೊದಲೇ ಮಾರಿ, ಆ ಹಣದಲ್ಲಿ ಎಳೆಯ ಹೆಣ್ಣುಕುರಿಗಳಿಗೆ ಮೇವು ಕೊಳ್ಳುತ್ತಾರೆ. ಎಲ್ಲವನ್ನೂ ಉಳಿಸುತ್ತೇನೆ ಎಂದು ಹೊರಟವರು ಎಲ್ಲವನ್ನೂ ಬಡಕಲು ಮಾಡಿಕೊಂಡು ಕೊನೆಗೆ ಸಿಕ್ಕಿದ ಬೆಲೆಗೆ ಮಾರುವುದನ್ನು ಕಂಡು ನೋಯುತ್ತದೆ. ಇನ್ನು ಸಿದ್ಧಗಂಗೆಯ ದನಗಳ ಜಾತ್ರೆಯಲ್ಲಿ ಗೆಜ್ಜೆ ಕಟ್ಟಿ ನಿಂತ ಹಳ್ಳಿಕಾರ್ ಜೋಡಿಯ ಪಕ್ಕ ಅದರ ಒಡೆಯ ನಿಲ್ಲುವ ನಿಲುವಿಗೆ ಬೆಲೆ ಕಟ್ಟಲು ನನ್ನಿಂದಾಗದು. ಆ ಎತ್ತುಗಳು ಕರುಗಳಾಗಿದ್ದಾಗ ಯಾವ ಬೇಸಿಗೆಯಲ್ಲಿ ಏನು ತಿಂದವು ಎಂದು ಅವನನ್ನು ಕೇಳಿ, ಒಂದೂ ಬಿಡದೆ ಹೇಳುತ್ತಾನೆ.

ಮಾತು ಮುಗಿದ ಮೇಲೆ ಮಧುಗಿರಿ ಕಡೆಯ ಯುವಕರೊಬ್ಬರು, ಸಾಲ ಮಂಜೂರಾಗಿದೆ, ಎರಡು ಎಚ್‌ಎಫ್ ಹಸು ತರಲೇ, ಇಪ್ಪತ್ತು ಕುರಿ ತರಲೇ ಎಂದು ಕೇಳಿದರು. ರಾಗಿ ಎಷ್ಟು ಎಕರೆ ಇದೆ ಎಂದು ನಾನು ಕೇಳಿದೆ. ಒಂದೂವರೆ ಎಕರೆ, ಅದೂ ಮಳೆಯಾಶ್ರಯ, ಕೊಳವೆ ಬಾವಿಯಲ್ಲಿ ಮುಕ್ಕಾಲು ಇಂಚು ನೀರು ಎಂದರು. ಒಂದು ಹಸುವಿಗೆ ದಿನಕ್ಕೆ ಆರು ಕಿಲೋ ಎಂದರೆ ಆರು ತಿಂಗಳಿಗೆ ಒಂದು ಟನ್ನಿನ ಮೇಲಾಯಿತು. ಮಳೆಯಾಶ್ರಯದ ಒಂದು ಎಕರೆ ರಾಗಿ ಒಳ್ಳೆಯ ವರ್ಷದಲ್ಲಿ ಕೊಡುವ ಹುಲ್ಲು ಹೆಚ್ಚು ಕಡಿಮೆ ಅಷ್ಟೇ. ಬೇಸಿಗೆಯಲ್ಲಿ ಹಾಲು ಕರೆಯುವ ಹಸುವಿಗೆ ಕುಡಿಯಲೇ ದಿನಕ್ಕೆ ಎಂಬತ್ತು ಲೀಟರ್ ನೀರು ಹಿಡಿಯಬೇಕು, ಮೈ ತೊಳೆಯಲು ಬೇರೆ. ಈ ಲೆಕ್ಕದಲ್ಲಿ ಅವರ ಜಮೀನು ಒಂದು ಹಸುವನ್ನು ತಾಳುತ್ತದೆ, ಎರಡನ್ನಲ್ಲ. ಕುರಿಗಾದರೆ ಊರ ಸುತ್ತ ಬೀಳು ಎಷ್ಟು ಉಳಿದಿದೆ, ಮೇಯಿಸಲು ಮನೆಯಲ್ಲಿ ಯಾರಿದ್ದಾರೆ ಎಂಬುದನ್ನು ನೋಡಬೇಕು. ಒಂದು ಹಸು, ಹತ್ತು ಕುರಿ ತನ್ನಿ, ಅದೂ ಜೂನಿನಲ್ಲಲ್ಲ, ರಾಗಿ ಕೊಯ್ದು ಬಣವೆ ಒಟ್ಟಿದ ಮೇಲೆ ಜನವರಿಯಲ್ಲಿ ಎಂದೆ. ಸಾಲದ ಹಣವನ್ನು ಮಾರ್ಚಿಯೊಳಗೆ ಎತ್ತಿಕೊಳ್ಳಬೇಕಂತೆ, ಅಷ್ಟರೊಳಗೆ ಆಗುತ್ತದೆ ಎಂದು ಅವರು ಒಪ್ಪಿದರು.